ಹುಸೇನಸಾಬರ ಊಟದ ಪಾಳಿ

ಗಿರಣಿ ಓಣಿ, ಹುಬ್ಬಳ್ಳಿ
ಫೆಬ್ರವರಿ 30, 2187

ಅನುದಾನದ ಆದೇಶ ಬರೆಯಲು ಕುಳಿತಿರುವ ಹಿರಿಯರಿಗೆ,

ತಾರೀಖು ನೋಡಿ ನಗಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ಐದನ್ನು ಹಬ್ಬಕ್ಕೆ ಬಿಟ್ಟಿದ್ದೇವೆ. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಮನ್ನಿಸಿ. ಎಪ್ಪತ್ತು ದಾಟಿದವರಿಗೆ ಇಲ್ಲಿ ‘ಹಿನ್ನಡೆ ಅಂಚೆ’ಯಲ್ಲಿ, ಅಂದರೆ ಕಳೆದ ಕಾಲಕ್ಕೆ, ಒಂದೇ ಒಂದು ಪತ್ರ ಕಳಿಸಲು ಅವಕಾಶವಿದೆ. ನನ್ನ ಗೆಳತಿಯರೆಲ್ಲ ತಮ್ಮ ಅವ್ವಂದಿರಿಗೆ ಬರೆದರು. ನೀಲಗಂಗಾ ಬಳಿಗಾರ ಎಂಬ ನಾನು ಸರಕಾರಕ್ಕೆ ಬರೆಯುತ್ತಿದ್ದೇನೆ. ಮುದುಕಿಗೆ ತಲೆ ಕೆಟ್ಟಿದೆ ಎಂದು ಅವರು ಆಡಿಕೊಳ್ಳುತ್ತಿದ್ದಾರೆ.

ಅಮಲಿನ ಗ್ಯಾಂಗುಗಳ ಹೊಡೆದಾಟ ತಡೆಯಲು ನೀವೀಗ ಹಣ ಕೊಟ್ಟು ಕಟ್ಟಹೊರಟಿರುವ ಪೊಲೀಸ್ ತಂಡಕ್ಕೆ ನನ್ನ ಹರೆಯದ ಹೊತ್ತಿಗೆ ‘ಓಣಿದಳ’ ಎಂಬ ಹೆಸರು ಬಿದ್ದಿತ್ತು. ಆಗ ನಮ್ಮಲ್ಲಿ ‘ಮಂಕುಗೋಲಿ’ ಮಾರುತ್ತಿದ್ದರು. ನಾಲಿಗೆಯ ಕೆಳಗಿಟ್ಟರೆ ಹಸಿವು, ಹೆದರಿಕೆ, ಹೆತ್ತವರು, ಮೂರೂ ಮರೆತುಹೋಗುವಂಥ ಗುಳಿಗೆ. ಯಾವ ಮೂಲೆಯಲ್ಲಿ ಯಾರು ಮಾರಬೇಕೆಂದು ಹುಡುಗರು ಕಡಿದಾಡುತ್ತಿದ್ದರು. ಓಣಿದಳದವರ ಕೈಯಲ್ಲಿ ಬಂದೂಕಿತ್ತು, ಜೀಪಿತ್ತು. ಆದರೆ ಅವರ ನಿಜವಾದ ಬಲ ಊಟದ ಪಾಳಿ. ದಳಕ್ಕೆ ಹೊಸದಾಗಿ ಬಂದ ಪೊಲೀಸ್ ಓಣಿಯ ಪ್ರತಿ ಮನೆಯಲ್ಲೂ ಒಂದು ಹೊತ್ತು ಉಣ್ಣಲೇಬೇಕು. ಗೋಲಿ ಮಾರುವವನ ಮನೆಯನ್ನೂ ಬಿಡುವಂತಿಲ್ಲ. ಉಂಡ ಮನೆಗೆ ಎರಡು ಬಗೆಯಬಾರದಲ್ಲ!

ದಳದ ಜಮಾದಾರ ಹುಸೇನಸಾಬ ನದಾಫ ಹೊಸ್ತಿಲಲ್ಲಿ ಬೂಟು ಬಿಚ್ಚಿ ಕೂಗುತ್ತಿದ್ದರು: “ಯಲ್ಲವ್ವಾ, ಇವತ್ತ ನಿಮ್ಮನಿ ಪಾಳಿ ಐತಿ. ಝುಣಕಕ್ಕ ಉಪ್ಪು ಕಡಿಮಿ ಆದ್ರ ಕೇಸ್ ಹಾಕ್ತೀನಿ ನೋಡ!” ಆ ಕೂಗು ಕೇಳಿ ಇಡೀ ಓಣಿ ನಗುತ್ತಿತ್ತು. ಎಂಥ ದಿನಗಳವು! ಒಣಮೆಣಸಿನಕಾಯಿ ಹುರಿದ ಘಾಟು, ಎದುರುಮನೆಯವರ ಕೆಮ್ಮು, ಜೀಪಿನ ನೆರಳಲ್ಲಿ ಮಲಗಿದ ನಾಯಿ. ನೆನೆದರೆ ಈಗಲೂ ಕಣ್ಣು ತುಂಬುತ್ತದೆ.

ಒಂದು ಮಧ್ಯಾಹ್ನ ಅದೇ ಯಲ್ಲವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಠಾಣೆಗೆ ಬಂದಳು. “ಸಾಹೇಬ್ರ, ನನ್ನ ಮಗ ಹಿಟ್ಟಿನ ಡಬ್ಯಾಗ ತಲವಾರ ಇಟ್ಟಾನ್ರೀ. ಹೊಡೀಬ್ಯಾಡ್ರಿ, ಉಳಿಸಿಕೊಡ್ರಿ,” ಎಂದಳು. ಹುಸೇನಸಾಬರು ಅವನನ್ನು ಹೊಡೆಯಲಿಲ್ಲ. ತಲವಾರು ಕಿತ್ತುಕೊಂಡರು, ಅವನನ್ನು ಅಮಲು ಬಿಡಿಸುವ ಮನೆಗೆ ಸೇರಿಸಿದರು. ಆ ಮಗ ಪರಸಪ್ಪನೇ ಮುಂದೆ ನನ್ನ ಗಂಡನಾದ.

ಹೀಗೆ ಮನೆಮನೆಯ ತಾಯಂದಿರು ಬಾಯಿ ಬಿಟ್ಟಿದ್ದರಿಂದ ಕೊಲೆಗಳು ನಿಂತವು. ನಿಂತದ್ದೇ ತಪ್ಪಾಯಿತು. ನಿಮ್ಮ ಆದೇಶದ ಕೊನೆಯಲ್ಲಿ ಯಾವನೋ ಜಾಣ ಒಂದು ಸಾಲು ಸೇರಿಸಿದ್ದಾನೆ: ಮೂರು ವರ್ಷ ಕೊಲೆ ನಡೆಯದಿದ್ದರೆ ಅನುದಾನ ನಿಲ್ಲತಕ್ಕದ್ದು. ನೂರು ವರ್ಷ ಅದನ್ನು ಯಾರೂ ಅಳಿಸಲಿಲ್ಲ, ಕೊಲೆಗಳು ನಿಲ್ಲದ ಕಾರಣ ಅದು ಅನ್ವಯಿಸಿದ್ದೂ ಇಲ್ಲ. ಕೊನೆಗೆ ನಮ್ಮ ದಳ ಗೆದ್ದಿತು, ಗೆದ್ದದ್ದಕ್ಕೇ ಮುಚ್ಚಿತು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು? ಓಣಿಯ ಮೇಲೆ ‘ಹಾರುಗಣ್ಣು’ ಬಂತು. ಹಕ್ಕಿಯಷ್ಟೇ ಗಾತ್ರದ ಯಂತ್ರ, ಎಲ್ಲವನ್ನೂ ನೋಡುತ್ತದೆ, ಯಾರ ಮನೆಯಲ್ಲೂ ಉಣ್ಣುವುದಿಲ್ಲ.

ಗೋಲಿ ಮತ್ತೆ ಬಂದಾಗ ನನ್ನ ಮಗ ಕಲ್ಲೇಶನಿಗೆ ಹತ್ತೊಂಬತ್ತು. ಅವನ ಹಾಸಿಗೆಯ ಕೆಳಗೆ ಚೂರಿ ಸಿಕ್ಕ ದಿನ ನಾನೂ ನನ್ನ ಅತ್ತೆಯಂತೆ ಠಾಣೆಗೆ ಓಡಿದೆ. ಅಲ್ಲಿ ಮನುಷ್ಯರೇ ಇರಲಿಲ್ಲ. ಗೋಡೆಯೊಂದು ನನ್ನ ಹೆಬ್ಬೆರಳು ಕೇಳಿತು, ದೂರಿನ ವಿಧ ಯಾವುದೆಂದು ಕೇಳಿತು. ಉಳಿಸಿಕೊಡಿ ಎನ್ನುವುದಕ್ಕೆ ಅದರಲ್ಲಿ ಜಾಗವಿರಲಿಲ್ಲ. ಮರುದಿನ ಮೂಲೆಯ ಜಗಳದಲ್ಲಿ ಕಲ್ಲೇಶ ಸತ್ತ. ಹಾರುಗಣ್ಣು ಅದನ್ನು ಬಹಳ ಸ್ಪಷ್ಟವಾಗಿ ಚಿತ್ರಿಸಿಕೊಂಡಿತ್ತು.

ಹಿರಿಯರೇ, ಹೆಚ್ಚು ಹಣ ಕೊಡಿ ಎಂದು ನಾನು ಬೇಡುತ್ತಿಲ್ಲ. ಆ ಒಂದು ಸಾಲು ಹೊಡೆದುಹಾಕಿ, ಸಾಕು. ಹಾಗೆ ಮಾಡಿದರೆ ಈ ಪತ್ರ ಬರೆಯುವ ಕಾರಣವೇ ನನಗೆ ಇರುವುದಿಲ್ಲವಂತೆ. ನಿಮ್ಮ ಕೈಯಲ್ಲೇ ಅಕ್ಷರಗಳು ಮಾಸುತ್ತವೆಂದು ಅಂಚೆಯವರು ಹೇಳಿದರು. ಮಾಸಿದರೆ ಗಾಬರಿಯಾಗಬೇಡಿ. ನನ್ನ ಮಗ ಮನೆಗೆ ಬಂದನೆಂದು ತಿಳಿಯಿರಿ.

ನೀಲಗಂಗಾ, ಕಲ್ಲೇಶನ ತಾಯಿ