ಗಡ್ಡ ಇಲ್ಲ

೧೪ ಮಾರ್ಚ್ ೨೦೧೨, ಬುಧವಾರ

ಯೂನಿವರ್ಸಿಟಿ ಕ್ಯಾನ್ಸರ್ ಕೇಂದ್ರ ಜಹೀರಾಬಾದಿಗಿ ಬರಂಗಿಲ್ಲಂತ. ಈ ಕಡಿ ರೋಗಿಗಳು ಕಮ್ಮಿ ಅಂತ. ಎಣಿಸಿದವರು ನಾವೇ.

ಹೋದ ವರ್ಷ ಮೊಗುಡಂಪಲ್ಲಿಯಾಗ ಆ ಎಣಿಕಿ ಮಾಡೋ ಮುಂದ ಹೈದರಾಬಾದಿನ ಡಾಕ್ಟರ್ ಮುದುಕಿ ಈಶಮ್ಮಗ "ಗಡ್ಡ ಉಂದಾ?" ಅಂತ ಕೇಳಿದ. ತೆಲುಗಿನಾಗ ಗಡ್ಡ ಅಂದ್ರ ಗಂಟು; ಗಂಟು ಅದ ಏನಂತ ಅವನ ಪ್ರಶ್ನಿ. ಆಕಿ ಗದ್ದ ಸವರಿಕೊಂಡು, "ಹೆಂಗಸಿಗಿ ಎಲ್ಲಿ ಗಡ್ಡರಿ ಸಾಬ್?" ಅಂದಳು. ಹೊಟ್ಟಿ ಹಿಡಕೊಂಡು ನಕ್ಕೆ. ಕನ್ನಡ ಬರೋ ನರ್ಸ್ ಅಂತ ನನ್ನ ಕರಕೊಂಡು ಹೋಗಿದ್ರು! ಮರುದಿನ ತೆಲಂಗಾಣ ಬಂದ್, ಲಗೂ ಮುಗಸಬೇಕಿತ್ತು. ನಗತಾ ನಾನೇ ಫಾರ್ಮಿನಾಗ ಗಂಟಿನ ಮುಂದ 'ಇಲ್ಲ' ಅಂತ ಬರದೆ.

ಇವತ್ತ ಈಶಮ್ಮ ದವಾಖಾನಿಗಿ ಬಂದು ಕುಬಸ ಬಿಚ್ಚಿದಳು. ಎದಿ ಮ್ಯಾಲ ಒಡದ ಗಂಟಿನ ವಾಸನಿಗಿ ಮಾರಿ ತಿರುವಿದೆ.

"ಅವತ್ತೇ ಇತ್ತೇನ್ ಯವ್ವಾ?"

"ಇತ್ತವ್ವ. ಗಂಟು ಯಾರೂ ಕೇಳಲಿಲ್ಲಲ್ಲ."

ಸೆರಗು ಹೊದ್ದುಕೊಂಡು ಆಕಿನೇ ನಕ್ಕಳು: "ಗಡ್ಡ ಇನ್ನಾ ಬಂದಿಲ್ಲ, ನೋಡು."