ಡಾಕ್ಟರ ಮುಂದೆ ಕುದುರೆಯಾಗಬೇಡ

ಅಣ್ಣ,

ಬೆನ್ನಿನ ಡಾಕ್ಟರು ನಿನ್ನನ್ನು ನೋಡುವುದು ಇವತ್ತೇ. ನನಗೆ ರಜೆ ಸಿಗಲಿಲ್ಲ, ಅತ್ತಿಗೆ ಜೊತೆಗೆ ಬರುತ್ತಾರೆ. ಸ್ಕ್ಯಾನಿನ ಚೀಲ ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದ್ದೇನೆ, ಅವರೇ ಹಿಡಿದುಕೊಳ್ಳಲಿ. ಚಪ್ಪಲಿ ಬೇಡ, ಬೂಟು ಹಾಕಿಕೋ. ಲೇಸನ್ನೂ ಅವರೇ ಕಟ್ಟಲಿ, ನೀನು ಬಗ್ಗಬೇಡ.

ಹೋದ ಸಲದ ಹಾಗೆ ಎದೆಯುಬ್ಬಿಸಿ "ಕುದುರೆ ಥರ ಇದ್ದೀನಿ ಡಾಕ್ಟ್ರೇ" ಅನ್ನಬೇಡ. ಮನೆಗೆ ಬಂದು ಗೋಡೆ ಹಿಡಿದು ನರಳುವವನು ನೀನೇ. ಕೇಳಿದರೆ, "ಪಾಪ, ಅಷ್ಟು ಕಷ್ಟಪಟ್ಟು ಆಪರೇಷನ್ ಮಾಡಿದ್ದಾರೆ, ಬೇಜಾರ್ ಮಾಡ್ಕೊಳ್ತಾರೆ ಕಣೇ" ಅನ್ನುತ್ತೀಯ. ಅವರನ್ನು ಸಮಾಧಾನಪಡಿಸುವುದಕ್ಕೆ ಅಲ್ಲಿಗೆ ಹೋಗುತ್ತೀಯೇನು?

ಆಪರೇಷನ್ ಕೆಟ್ಟಿತು ಎಂದು ನಾನು ಹೇಳುತ್ತಿಲ್ಲ. ಕಾಲಿನ ಸೆಳೆತ ಹೋಯಿತು, ಅದು ನಿಜ. ಸೊಂಟದ ನೋವು ಸ್ವಲ್ಪ ಉಳಿಯಬಹುದು ಎಂದು ಅವರು ಮೊದಲೇ ಹೇಳಿದ್ದರು, ಉಳಿದಿದೆ. ಆದರೆ ಎಡಪಾದ ಮರಗಟ್ಟುತ್ತಿರುವುದು ಹೊಸದು. ಅದನ್ನು ಬಚ್ಚಿಟ್ಟರೆ ನಾಳೆ ಕಾಲೇ ಸೋಲಬಹುದು. ಅವರಿಗೆ ತಿಳಿಯಲೇಬೇಕಾದದ್ದು ಅದೊಂದೇ, ನೀನು ಹೇಳದೆ ಬಿಡುವುದೂ ಅದೊಂದನ್ನೇ.

"ಪಾದಕ್ಕೆ ಏನೂ ಆಗಿಲ್ಲ, ಸುಮ್ನಿರು" ಎಂದು ನಿನ್ನೆ ಹೊಸ್ತಿಲಲ್ಲಿ ನನ್ನ ಮೇಲೆ ರೇಗಿದೆಯಲ್ಲ, ಆಗ ನೀನು ಒಂದೇ ಚಪ್ಪಲಿಯಲ್ಲಿ ನಿಂತಿದ್ದೆ. ಎಡಗಾಲಿನದು ಬೀದಿಯ ತಿರುವಿನಲ್ಲಿ ಬಿದ್ದಿತ್ತು, ನಾನು ಹೋಗಿ ತಂದೆ. ಅದು ಕಳಚಿದ್ದು ನಿನಗೆ ಗೊತ್ತೇ ಆಗಿರಲಿಲ್ಲ ಅಣ್ಣ.

ಆ ಚಪ್ಪಲಿ ಈಗ ಸ್ಕ್ಯಾನಿನ ಚೀಲದಲ್ಲಿದೆ. ನೀನು ಬಾಯಿ ಬಿಡದಿದ್ದರೆ ಅತ್ತಿಗೆ ಅದನ್ನೇ ಡಾಕ್ಟರ ಮೇಜಿನ ಮೇಲೆ ಇಡುತ್ತಾರೆ.

ತಂಗಿ