ಮೂವತ್ತೊಂದನೇ ಮರ

ಅಕ್ಟೋಬರ್ 9
ಇವತ್ತು ಆರು ಹಣ್ಣು. ಆರೂ ಒಗರು. ತಮ್ಮನ ಮುಖ ನೋಡಿದರೆ ಸಾಕು, ಕೇಳೋದೇ ಬೇಡ. ಕೆನ್ನೆ ಒಳಗೆ ಹೋಗುತ್ತೆ, ಕಣ್ಣಲ್ಲಿ ನೀರು. ಮೊದಲ ದಿನ ನಾನೂ ಒಂದು ಕಚ್ಚಿ ನೋಡಿದ್ದೆ. ನಾಲಿಗೆಗೆ ಕಂಬಳಿ ಹೊದಿಸಿದ ಹಾಗಾಯ್ತು. ಸಾಕಪ್ಪಾ ಸಾಕು.

ಈ ಪರ್ಸಿಮನ್ ಹಣ್ಣಿನಲ್ಲಿ ಒಗರು ತುಂಬಿಸೋ ಜೀನ್‌ಗಳಿಗೆಲ್ಲ ಒಂದೇ ಜೀನ್ ಯಜಮಾನ. ಅದರ ಬಾಯಿ ಮುಚ್ಚಿಸಿದರೆ ಹಣ್ಣು ಗಟ್ಟಿ ಇರುವಾಗಲೇ ಸಿಹಿ. ಎಂಟು ವರ್ಷ ಇದಕ್ಕೇ ಸವೆಸಿದ್ದೀನಿ. ಲ್ಯಾಬಿನ ಯಂತ್ರಕ್ಕೆ ಕೊಟ್ಟರೆ ರಿಸಲ್ಟ್ ನೇರ ಡೈರೆಕ್ಟರ್ ಮುಂದೆ. ಎಲ್ಲಾ ಮರವೂ ಫೇಲಾಗಿದ್ದರೆ? ಮೊದಲು ನನಗೆ ಗೊತ್ತಾಗಬೇಕು. ಅದಕ್ಕೇ ತಮ್ಮನ ನಾಲಿಗೆ. ಜೀನ್ ತಿದ್ದಿದ ಈ ಹಣ್ಣು ತಿನ್ನಬಾರದು ಅಂತ ರೂಲ್ ಇದೆ, ನಿಜ. ರೂಲ್ ಇರೋದು ಸ್ಟಾಫಿಗೆ. ಇವನು ಕೆಲಸ ಕಳಕೊಂಡು ನನ್ನ ಮನೇಲಿ ಬಿದ್ದಿರೋನು.

ಅಕ್ಟೋಬರ್ 13
ಖಾಲಿ ಹೊಟ್ಟೇಲಿ ತಿನ್ನು ಅಂದಿದ್ದೆ, ರುಚಿ ಸರಿಯಾಗಿ ಗೊತ್ತಾಗಲಿ ಅಂತ. ಇವಳು ಕದ್ದು ಬ್ರೆಡ್ ಕೊಟ್ಟಿದ್ದಾಳೆ. ಮೈದುನನ ಮೇಲೆ ಪ್ರೀತಿ ಉಕ್ಕಿ ಹರೀತಿದೆ. ಇಬ್ಬರಿಗೂ ಚೆನ್ನಾಗಿ ಮಂಗಳಾರತಿ ಮಾಡಿದೆ.

"ಅಣ್ಣ, ಒಂದು ತಿಂದಮೇಲೆ ಸ್ವಲ್ಪ ಹೊತ್ತು ಬಿಡು. ಬಾಯಿ ಮರಗಟ್ಟಿರುತ್ತೆ. ಮುಂದಿನದು ಹೇಗಿದೆ ಅಂತ ತಿಳಿಯೋದೇ ಇಲ್ಲ."

ಮಹಾರಾಜರಿಗೆ ವಿಶ್ರಾಂತಿ ಬೇಕಂತೆ. ಟೈಮೆಲ್ಲಿದೆ... ಹೊಟ್ಟೆನೋವು ಅಂತಾನೂ ಶುರು ಮಾಡಿದ್ದಾನೆ. ಚಿಕ್ಕಂದಿನಲ್ಲಿ ಪರೀಕ್ಷೆ ದಿನ ಇದೇ ನೋವು ಬರ್ತಿತ್ತು.

ಅಕ್ಟೋಬರ್ 18
ಕೊನೇ ಸಾಲು. ಮೂವತ್ತೊಂದನೇ ಮರದ್ದು ಅಗಿಯುತ್ತಾ ಅಗಿಯುತ್ತಾ ನಿಲ್ಲಿಸಿಬಿಟ್ಟ.

"ಇನ್ನೊಂದು ಕೊಡು ಅಣ್ಣ."

ಹೊಟ್ಟೆಬಾಕ ಅಂದೆ. ಮಗಳು ನಕ್ಕಳು. ಅವನೂ ನಕ್ಕ. ಇನ್ನೊಂದು ಇತ್ತು, ಸಿಪ್ಪೆ ಮೇಲೆ 31 ಅಂತ ಬರೆದದ್ದು. ಕೊಡಲಿಲ್ಲ. ಫ್ರಿಜ್ಜಿನ ಹಿಂದಕ್ಕೆ ತಳ್ಳಿದೆ. ಒಗರು ತಾನೇ, ಅಂದೆ. ಹೂಂ ಅಂದ.

ಅಕ್ಟೋಬರ್ 21
ಒಂದು ಮರವೂ ಪಾಸಾಗಲಿಲ್ಲ. ಡೈರೆಕ್ಟರಿಗೆ ಮರಗಳಿಗೆ ಬೇರುಕೊಳೆ ರೋಗ ಅಂತ ಹೇಳಿದೆ. ನಂಬಿದರು. ಎಲ್ಲಾ ಮರ ಕಡಿಸಿದೆ. ಜೀನ್ ತಿದ್ದಿದ ಮರದ ಒಂದು ಕಡ್ಡಿಯನ್ನೂ ಉಳಿಸೋ ಹಾಗಿಲ್ಲ, ಅಲ್ಲೇ ಸುಡಬೇಕು. ಸುಡಿಸಿದೆ. ಲ್ಯಾಬಿನ ಬಾಟಲಿಗಳಲ್ಲಿದ್ದ ಸಸಿಗಳನ್ನೂ. ಸೋತದ್ದರ ಗುರುತು ಯಾಕೆ ಇಟ್ಟುಕೊಳ್ಳಲಿ.

ಮನೇಲಿ ಇವನಿಗೆ ಎರಡು ಸಲ ವಾಂತಿ. ನಾಟಕ.

ಅಕ್ಟೋಬರ್ 27
ನಾಟಕ ಅಲ್ಲ. ಆಸ್ಪತ್ರೆ. ಹೊಟ್ಟೇಲಿ ಮುಷ್ಟಿಗಾತ್ರದ್ದು ಏನೋ ಗಟ್ಟಿಯಾಗಿ ಕೂತಿದೆ. ಇವಳು ಔಷಧಿ ತರೋಕೆ ಹೋಗಿದ್ದಾಗ ಡಾಕ್ಟರು ಬಂದರು.

"ಒಗರು ಹಣ್ಣು ಖಾಲಿ ಹೊಟ್ಟೇಲಿ ತಿಂದರೆ ಹೀಗೆ ಕಲ್ಲು ಕಟ್ಟೋದುಂಟು. ಅದೇ ಆಗಿದ್ರೆ ಕರಗಿಸೋಕೆ ನೋಡಬಹುದು. ಇಲ್ಲಾಂದ್ರೆ ಆಪರೇಷನ್ನೇ. ತುಂಬಾ ಸೊರಗಿದ್ದಾರೆ, ತಡಕೊಳ್ಳೋದು ಕಷ್ಟ. ಅಂಥದ್ದೇನಾದ್ರೂ ತಿಂದಿದ್ರಾ?"

ತಮ್ಮ ನನ್ನ ಮುಖ ನೋಡಿದ. ನಾನು ಕಿಟಕಿ ನೋಡಿದೆ.

"ಮನೆ ಊಟಾನೇ ಡಾಕ್ಟ್ರೇ," ಅಂದ.

ಪರವಾಗಿಲ್ಲ. ತಿಂದ ಉಪ್ಪಿನ ಋಣ ಇದೆ ಇವನಿಗೆ. ಇವಳಿಗೆ ಈ ಮಾತು ಹೇಳಲಿಲ್ಲ. ನಾಳೆ ಆಪರೇಷನ್.

ಅಕ್ಟೋಬರ್ 28, ಬೆಳಿಗ್ಗೆ
ಹೊರಡೋ ಹೊತ್ತಿಗೆ ಅಡುಗೆಮನೇಲಿ ಕರುಂ ಕರುಂ ಸದ್ದು. ಮಗಳು.

"ಅಪ್ಪ, ಸೂಪರಾಗಿದೆ. ಇನ್ನೂ ಇದೆಯಾ?"

ಕೈಯಲ್ಲಿದ್ದ ಚೂರಿನ ಸಿಪ್ಪೆ ಮೇಲೆ 31. ಕಿತ್ತುಕೊಂಡು ಬಾಯಿಗೆ ಹಾಕಿದೆ. ಗಟ್ಟಿ. ಸಿಹಿ. ಒಗರಿನ ಸುಳಿವೇ ಇಲ್ಲ. ಎಂಟು ವರ್ಷ... ಕೈಯಾರೆ ಸುಟ್ಟೆ.

ಆಸ್ಪತ್ರೆಗೆ ಓಡಿದೆ. ತಮ್ಮ ಸ್ಟ್ರೆಚರ್ ಮೇಲಿದ್ದ. ನಿನಗೆ ಗೊತ್ತಿತ್ತಾ ಅಂದೆ.

"ಸ್ವಲ್ಪ ಸಿಹಿ ಅನ್ನಿಸ್ತು ಅಣ್ಣ. ಬಾಯಿ ಮರಗಟ್ಟಿತ್ತಲ್ಲ, ನಂಬಿಕೆ ಬರಲಿಲ್ಲ. ಅದಕ್ಕೇ ಇನ್ನೊಂದು ಕೇಳಿದ್ದು."

ಡಾಕ್ಟರು ಇನ್ನೊಮ್ಮೆ ಕೇಳಿದರು, ಈ ಸಲ ನನ್ನನ್ನೇ. ಯಾವ ಹಣ್ಣೂ ಇಲ್ಲ ಅಂದೆ. ಮರವಂತೂ ಹೋಯ್ತು, ಕೆಲಸಾನೂ ಕಳಕೊಳ್ಳಲಾ.

ಮಧ್ಯಾಹ್ನ
ಆಪರೇಷನ್ ಥಿಯೇಟರ್ ಹೊರಗೆ. ನರ್ಸ್ ಬಂದು ಹೇಳಿ ಹೋದಳು. ಹೋಗಿಬಿಟ್ಟ. ಇವಳು ಅಳ್ತಿದ್ದಾಳೆ. ನನ್ನ ಬಾಯಿ ಇನ್ನೂ ಸಿಹಿಯಾಗೇ ಇದೆ, ನೀರು ಕುಡಿದರೂ ಹೋಗ್ತಿಲ್ಲ.

ಡಾಕ್ಟರು ಬಂದರು. ಕೈಲಿ ಸ್ಟೀಲ್ ಬಟ್ಟಲು, ಅದರಲ್ಲಿ ಕಂದು ಬಣ್ಣದ ಕಲ್ಲು. ಇವಳಿಗೆ ತೋರಿಸಿ ಏನೋ ಕೇಳ್ತಿದ್ದಾರೆ, ಹಣ್ಣು ಅನ್ನೋದಷ್ಟೇ ನನಗೆ ಕೇಳಿಸ್ತು. ಇವಳ ಅಳು ನಿಂತಿತು. ಈಗ ನನ್ನ ಕಡೆ ತಿರುಗಿ...